ಎಡಗೈ ತೋರುಬೆರಳು

ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ ನನ್ನದು:
ಬನ್ನಿಮಂಟಪದಾಚೆಯ ಶಾಯಿ ಕಾರ್ಖಾನೆಯಲ್ಲಿ
ಪ್ರತಿ ಬ್ಯಾಚಿನಿಂದ ಒಂದು ಹನಿ
ನನ್ನ ಎಡಗೈ ತೋರುಬೆರಳಿಗೆ.
ಬಿಸಿಲಿಗೆ ಹಿಡಿದು ಎಣಿಸುತ್ತೇನೆ.
ಹಚ್ಚುವಾಗ ನೇರಳೆ, ನಲವತ್ತಕ್ಕೆ ಕಂದು, ಆಮೇಲೆ ಕಪ್ಪು.
ಸೋಪು, ನಿಂಬೆಹಣ್ಣು, ಸೀಮೆಎಣ್ಣೆ, ಪಾತ್ರೆ ಉಜ್ಜುವ ನಾರು,
ಎಲ್ಲದರಲ್ಲೂ ತಿಕ್ಕಿ
ಹೋಗಲಿಲ್ಲ ಎಂದು ರಿಜಿಸ್ಟರಿನಲ್ಲಿ ಬರೆಯುತ್ತೇನೆ.
ಕೆಳಗೆ ಸಹಿ.

ನಂಬು ಅನ್ನುವ ಮಾತು ನಮ್ಮ ವಿಭಾಗದಲ್ಲಿಲ್ಲ.
"ತಿಕ್ಕಿದ್ರಾ?" ಅಂತಾರೆ. "ತಿಕ್ಕಿದೆ."
ಅಷ್ಟರಲ್ಲಿ ನನಗೊಂದು ಸುಖವಿತ್ತು.

ಅವ್ವ ಬೇರೆ ಥರ.
ಉತ್ತನಹಳ್ಳಿಯಿಂದ ತಂದ ದಾರವನ್ನು ರಟ್ಟೆಗೆ ಕಟ್ಟಿಕೊಂಡು
ಸಕ್ಕರೆ ಕಾಯಿಲೆಯ ಮಾತ್ರೆ ದಿನ ಬಿಟ್ಟು ದಿನ ನುಂಗಿದಳು.
"ಇಬ್ರಿಗೂ ಬೇಜಾರಾಗ್ಬಾರ್ದು ನೋಡು."
ಕಾಲಿನ ಎರಡು ಬೆರಳು ಹೋದವು.
ದಾರ ಹಾಗೇ ಇತ್ತು, ಬಣ್ಣ ಮಾತ್ರ ಬಿಟ್ಟಿತ್ತು.
ಆವತ್ತು ನಾನು ಅವಳನ್ನು ಬೈದದ್ದು
ವಾರ್ಡಿನ ಕೊನೆಯ ಮಂಚದವರೆಗೂ ಕೇಳಿಸಿತಂತೆ.

ಇರಲಿ. ಹೇಳಬೇಕೆಂದದ್ದು ಬೇರೆ.

ಈ ಸಲದ ಚುನಾವಣೆಯ ಬೆಳಿಗ್ಗೆ
ಎನ್.ಆರ್. ಮೊಹಲ್ಲಾದ ಶಾಲೆಯ ಬೂತಿನಲ್ಲಿ
ಚೀಟಿ ಕೊಟ್ಟೆ, ಗುರುತಿನ ಕಾರ್ಡು ಕೊಟ್ಟೆ,
ಬೆರಳು ಕೊಟ್ಟೆ.
ಹುಡುಗಿ ಬೆರಳು ನೋಡಿದಳು, ನನ್ನ ನೋಡಿದಳು.
"ಆಗ್ಲೇ ಹಾಕಿದೀರಲ್ಲ ಮೇಡಂ."

ನಗು ಬಂತು. ಆಮೇಲೆ ಬರಲಿಲ್ಲ.
ಈ ತಿಂಗಳು ಬಲಗೈಗೆ ಹಚ್ಚಿಕೊಳ್ಳಿ ಎಂದು ಸುತ್ತೋಲೆ ಇತ್ತು;
ಹತ್ತೊಂಬತ್ತು ವರ್ಷದ ರೂಢಿ, ಕೈ ಮರೆತಿತ್ತು.
ಕಾರ್ಖಾನೆಯ ಬಿಲ್ಲೆ ಮನೆಯ ಗೂಟದಲ್ಲಿ.
"ಪರೀಕ್ಷೆಗೆ ಹಚ್ಕೊಂಡಿದ್ದು" ಅಂದೆ.
ಸಾಲಿನಲ್ಲಿ ಯಾರೋ ಗೊಳ್ಳೆಂದರು.
ಅಳಿಸಿ ತೋರಿಸಲೆ?
ಅಳಿಯದು ಎಂದು ಸಹಿ ಹಾಕಿದವಳು ನಾನೇ.
ನನ್ನ ಸಾಕ್ಷಿ ನನ್ನೆದುರೇ ನಿಂತು
ಒಂದಕ್ಷರ ತಡವರಿಸದೆ
ಶುದ್ಧ ಸುಳ್ಳು ಹೇಳುತ್ತಿತ್ತು.

ಅಧಿಕಾರಿ ಚಿಕ್ಕಬಸವಯ್ಯ,
ತಿ. ನರಸೀಪುರದ ಕಡೆ ವಿಜ್ಞಾನದ ಮೇಷ್ಟ್ರಂತೆ,
ಕನ್ನಡಕ ಹಣೆಗೇರಿಸಿ ಉಗುರನ್ನು ಹತ್ತಿರದಿಂದ ಓದಿದರು.
"ಐದಾರು ವಾರದ ಗೆರೆ ಇದಾವೆ. ಹಳೇವು ತುದಿಗೆ ಸರಿದಿವೆ.
ಆದ್ರೆ ಬುಡದ್ದು ಇವತ್ತಿಂದಲ್ಲ ಅಂತ ಹೆಂಗೆ ಹೇಳ್ಲಿ?"
ಯಾರಿಗೂ ಹೇಳಲಾಗಲಿಲ್ಲ.

ಆಗ ಬೆಂಚಿನ ಮೇಲಿದ್ದ ಏಜೆಂಟು,
ಬೀಡಿ ಎಲೆ ವ್ಯಾಪಾರದ ಮುನವ್ವರ್ ಪಾಷ,
"ಬಿಡಿ ಸಾರ್, ಅವ್ರು ಸುಳ್ಳು ಹೇಳಲ್ಲ" ಅಂದ.
"ನಿಮ್ಗೆ ಹೆಂಗ್ಗೊತ್ತು?"
"ಕೆ.ಆರ್. ಆಸ್ಪತ್ರೇಲಿ ಇವರಮ್ಮ, ನಮ್ಮಮ್ಮ ಒಂದೇ ವಾರ್ಡು.
ಇವ್ರು ಬೈದಿದ್ದು ಕೇಳಿದೀನಿ. ಮುಚ್ಚಿಡೋ ಹೆಂಗಸಲ್ಲ.
ಇವ್ರ ಓಟು ನಮಗೆ ಬೀಳಲ್ಲ, ಅದೂ ಗೊತ್ತು."

ಇದು ಸಾಕ್ಷಿಯೆ?
ನಮ್ಮ ರಿಜಿಸ್ಟರಿನಲ್ಲಿ ಇದಕ್ಕೆ ಕಾಲಂ ಇಲ್ಲ.
ಮೇಷ್ಟ್ರು ಪಟ್ಟಿ ತಿರುವಿದರು; ನನ್ನ ಹೆಸರಿಗೆ ಗೆರೆ ಬಿದ್ದಿರಲಿಲ್ಲ.
ಆಮೇಲೆ ನನ್ನ ಮುಖ ನೋಡಿದರು,
ಒಂದು ಹನಿ ಕಪ್ಪಾಗುವಷ್ಟು ಹೊತ್ತು.
"ನಡುಬೆರಳು ಕೊಡಿ" ಅಂದರು.

ಹೊರಬಂದು ಬನ್ನಿಮಂಟಪದ ಗೋಡೆ ಪಕ್ಕ ನಡೆದೆ.
ದಸರೆಗೆ ಎಲೆ ಕೊಟ್ಟು ಬಂಗಾರ ಅನ್ನುತ್ತೇವೆ.
ಇಸಕೊಂಡವರು ಒರೆಗಲ್ಲಿಗೆ ಉಜ್ಜಿದ್ದು ನಾ ಕಾಣೆ.
ಹಾಗಂತ ಅಶೋಕ ರಸ್ತೆಯ ಸೇಟು ಎಲೆ ಕೊಟ್ಟರೆ
ಕಿವಿಗೆ ಸಿಕ್ಕಿಸಿಕೊಂಡು ಬರುತ್ತೇನೆಯೆ?

ಮನೆಯಲ್ಲಿ ಅವ್ವ "ಹಾಕ್ದಾ?" ಅಂದಳು.
ಎರಡು ಬೆರಳು ಮುಂದೆ ಹಿಡಿದೆ.
"ಕಣ್ಣು ಮಂಜು, ಎಲ್ಲಿ ಕಂಡಾತು? ನೀ ಹೇಳಿದ್ರೆ ಆಯ್ತು."
ಮಾತ್ರೆ ಕೊಟ್ಟೆ.
ಯಾವುದೆಂದು ಕೇಳದೆ ನುಂಗಿದಳು.
ಆಮೇಲೆ ರಟ್ಟೆ ಚಾಚಿ, "ಇದು ಸಡಿಲ ಆಗದೆ, ಕಟ್ಟು."

ಕಟ್ಟಿದೆ.
ಗಂಟು ಬಿದ್ದ ಮೇಲೆ, ರೂಢಿ,
ಎರಡು ಸಲ ಎಳೆದು ನೋಡಿದೆ.